ಬೆಟ್ಟಮ್ಮ ಎಂಬ ಪ್ಯಾಕೇಜು ಸಿಗಲಿಲ್ಲ

ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ನಾನು ಬೈದೆ. ಮೂರು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ, ಮಂಡ್ಯದ ನಮ್ಮ ಆಫೀಸಿನಲ್ಲಿ ಕೂತು ಸಿದ್ದರಾಜು ಸರ್ ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಹೋಗೋದು ಹೋದ್ರಿ, ಆ ಕೋಡನ್ನಾದ್ರೂ ನಾಲ್ಕು ಜನಕ್ಕೆ ಸಿಗೋ ಕಡೆ ಇಟ್ಟು ಹೋಗೋಕೆ ಏನಾಗಿತ್ತು ನಿಮಗೆ? ಅವರ ಕುರ್ಚಿ ಎದುರಿಗೇ ಇತ್ತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ.

ನಮ್ಮದು ಮನೆಮನೆ ಸರ್ವೆ ಮಾಡುವ ಸಣ್ಣ ಕೇಂದ್ರ. ಸರ್ ಅಲ್ಲಿ ಇಪ್ಪತ್ತೆರಡು ವರ್ಷ ಅಂಕಿಅಂಶದ ಕೆಲಸ ನೋಡಿದರು. ನಾನು, ನಾಗಮಣಿ, ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತವಳು. ಅವರ ಕೊನೆಯ ಕೆಲಸ ಮಳವಳ್ಳಿ ತಾಲ್ಲೂಕಿನ ಹದಿನಾಲ್ಕು ಹಳ್ಳಿಗಳ ಬಸಿರಿನ ಲೆಕ್ಕ. ಒಂದೊಂದು ಮನೆಯ ಹೆಂಗಸನ್ನೂ ಎದುರಿಗೆ ಕೂರಿಸಿಕೊಂಡು ಕೇಳುವುದು: ಎಷ್ಟು ಸಲ ಬಸಿರಾದಿರಿ, ಎಷ್ಟು ಹೆತ್ತಿರಿ, ತಾನಾಗಿ ಬಿದ್ದುಹೋದದ್ದೆಷ್ಟು, ತೆಗೆಸಿದ್ದೆಷ್ಟು, ಯಾಕೆ ತೆಗೆಸಿದಿರಿ. ಆ ಕೊನೆಯ ಪ್ರಶ್ನೆಗೆ 'ಸ್ಕ್ಯಾನಿಂಗಲ್ಲಿ ಹೆಣ್ಣು ಅಂದರು, ಅದಕ್ಕೆ' ಎಂದು ಬಾಯಿಬಿಟ್ಟವರ ಲೆಕ್ಕವೇ ಸರ್ ಅವರ ವರದಿ. ಅರವತ್ತೊಂದು. ಅರವತ್ತೊಂದು ಹೆಣ್ಣುಮಕ್ಕಳನ್ನು ಹುಟ್ಟುವ ಮುಂಚೆಯೇ ತೆಗೆದಿದ್ದಾರೆ ಎಂದು ಬರೆದು ಮೇಲಕ್ಕೆ ಕಳಿಸಿದರು. ಎರಡು ತಿಂಗಳಿಗೆ ಹಾರ್ಟ್ ಅಟ್ಯಾಕಾಗಿ ಹೋದರು.

ವರದಿ ಒಂದು ವರ್ಷ ಯಾವುದೋ ಬೀರುವಿನಲ್ಲಿ ಮಲಗಿತ್ತು. ಕಾರ್ತಿಕದ ಒಂದು ಸೋಮವಾರ ನಮ್ಮ ಮುಖ್ಯಸ್ಥ ಯತೀಶ್ ನನ್ನನ್ನು ಕರೆದರು. ನನಗಿಂತ ಆರು ವರ್ಷ ಚಿಕ್ಕವರು, ಒಳ್ಳೆಯವರೇ, ಆದರೆ ಮೇಲಿನಿಂದ ಫೋನು ಬಂದರೆ ಬೆವರುತ್ತಾರೆ.

"ಮೇಡಂ, ಸಿದ್ದರಾಜು ಅವರ ಲೆಕ್ಕಾನ ಮೊದಲಿಂದ ಮಾಡಿ ತೋರಿಸಬೇಕಂತೆ. ಅದೇ ಡಾಟಾ, ಅದೇ ಪ್ರೋಗ್ರಾಂ. ಶುಕ್ರವಾರ ಸಂಜೆಯೊಳಗೆ. ಅರವತ್ತೊಂದು ಬಂದರೆ ವರದಿ ಹೊರಗೆ ಬರುತ್ತೆ."

"ಬರದಿದ್ದರೆ?"

"ಸಿದ್ದರಾಜು ಸುಳ್ಳು ಲೆಕ್ಕ ಕೊಟ್ಟಿದ್ದ ಅಂತ ಬರೆದು ಮುಚ್ಚಿಹಾಕ್ತಾರೆ. ಇಂಥ ವಿಷಯಕ್ಕೆ ಅವರಿಗೆ ಒಂದು ನೆಪ ಸಾಕು."

ಪೈಸೆ ಸುಳ್ಳು ಹೇಳಿದವರಲ್ಲ ಆ ಮನುಷ್ಯ. ಫಾರಂ ಇಲ್ಲದ ಮಾಹಿತಿ ಮಾಹಿತಿಯೇ ಅಲ್ಲ ಎಂದು ನನ್ನ ತಲೆಗೆ ತುಂಬಿದವರೇ ಅವರು.

ಅರವತ್ತೊಂದು ತರುವುದೇನು ದೊಡ್ಡ ಮಾತು, ಪ್ರೋಗ್ರಾಂ ಓಡಿಸಿದರಾಯಿತು ಅಂದುಕೊಂಡೆ. ಆದರೆ ಓಡಿಸುವುದಕ್ಕೆ ಸರ್ ಅವರ ಕಂಪ್ಯೂಟರಿನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲ ಅಳಿಸಿದವಳು ನಾನೇ. ಆಯುಧಪೂಜೆಗೆ ಆಫೀಸಿನ ಮಿಷನ್ನುಗಳನ್ನೆಲ್ಲ ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ಸತ್ತವರ ಮಿಷನ್ನಿಗೆ ಹಾಗೇ ಪೂಜೆ ಮಾಡಬಾರದು, ಅವರದ್ದೆಲ್ಲ ತೆಗೆದು ಹೊಸದು ಮಾಡಿಯೇ ಇಡಬೇಕು ಎಂದು ಯಾರೋ ಅಂದರು. ನನಗೂ ಅದು ಸರಿ ಅನ್ನಿಸಿತು. ಡಾಟಾ ಮತ್ತು ಮುಖ್ಯ ಪ್ರೋಗ್ರಾಮಿನ ಫೈಲು ಕಾಪಿ ಮಾಡಿಕೊಂಡು ಉಳಿದದ್ದೆಲ್ಲ ಅಳಿಸಿ, ನಿಂಬೆಹಣ್ಣು ಕೊಯ್ದು ಇಟ್ಟು ಕೈಮುಗಿದೆ. ಮಾಡಿದ್ದುಣ್ಣೋ ಮಹರಾಯ.

ಪ್ರೋಗ್ರಾಂ ಒಂದೇ ಇದ್ದರೆ ಓಡುವುದಿಲ್ಲ. ಅದು ಬೇರೆಯವರು ಬರೆದಿಟ್ಟ ಪ್ಯಾಕೇಜುಗಳ ಮೇಲೆ ನಿಂತಿರುತ್ತದೆ, ಆ ಪ್ಯಾಕೇಜುಗಳು ಇನ್ನಷ್ಟು ಪ್ಯಾಕೇಜುಗಳ ಮೇಲೆ. ಬೀಗರೂಟಕ್ಕೆ ಒಬ್ಬರನ್ನು ಕರೆದರೆ ಭಾಮೈದ ಬರದೆ ನಾನು ಬರಲ್ಲ ಅನ್ನುತ್ತಾರಲ್ಲ, ಹಾಗೆ. ಸೋಮವಾರ ಮಧ್ಯಾಹ್ನ ಮೊದಲನೆಯದನ್ನು ಇನ್‌ಸ್ಟಾಲ್ ಮಾಡಿದೆ. ಇನ್ನೆರಡು ಇಲ್ಲ ಎಂದಿತು. ಆ ಎರಡನ್ನು ತಂದೆ. ಅದರಲ್ಲೊಂದು ಹೊಸ ವರ್ಷನ್ನಿಗೆ ಒಗ್ಗುವುದಿಲ್ಲ ಎಂದಿತು. ಹಳೆಯದನ್ನು ಹುಡುಕಿ ತಂದರೆ ಅರ್ಧಕ್ಕೆ ನಿಂತು, ನಿಂತ ಜಾಗದಲ್ಲಿ ಬೀಗದ ಫೋಲ್ಡರೊಂದನ್ನು ಬಿಟ್ಟು ಹೋಯಿತು. ಆ ಫೋಲ್ಡರನ್ನು ಅಳಿಸದ ಹೊರತು ಮುಂದಿನದು ಕಾಲಿಡುವುದಿಲ್ಲ. ಅಳಿಸಿದೆ. ಮಂಗಳವಾರವೂ ಅದೇ, ಬುಧವಾರ ಬೆಳಿಗ್ಗೆಯೂ ಅದೇ. ಒಟ್ಟು ಇಪ್ಪತ್ತಾರು ಪ್ಯಾಕೇಜು ಒಂದೊಂದಾಗಿ ಬಂದು ಕೂತವು. ಇಪ್ಪತ್ತೇಳನೆಯದಕ್ಕೆ ಪರದೆ ಮೇಲೆ ಕೆಂಪಕ್ಷರದ ಒಂದು ಸಾಲು ಬಂತು. ಬೆಟ್ಟಮ್ಮ ಎಂಬ ಹೆಸರಿನ ಪ್ಯಾಕೇಜು ಇಲ್ಲ.

ನಕ್ಕುಬಿಟ್ಟೆ. ಇಂಗ್ಲಿಷಿನ ಹೆಸರುಗಳ ನಡುವೆ ಯಾರಪ್ಪ ಇವಳು ಬೆಟ್ಟಮ್ಮ? ಇಂಟರ್ನೆಟ್ಟಿನ ಉಗ್ರಾಣದಲ್ಲಿ ಹುಡುಕಿದೆ, ಇಲ್ಲ. ಹಳೆಯ ಪೆನ್‌ಡ್ರೈವು, ಬ್ಯಾಕಪ್ಪು, ಸರ್ ನನಗೆ ಕಳಿಸಿದ್ದ ಮೇಲುಗಳು, ಎಲ್ಲೂ ಇಲ್ಲ. ಅಂದರೆ ಸರ್ ಸ್ವಂತಕ್ಕೆ ಬರೆದುಕೊಂಡದ್ದು, ಆ ಒಂದೇ ಮಿಷನ್ನಿನಲ್ಲಿ ಇಟ್ಟಿದ್ದದ್ದು. ನಾನು ಹಾರ ಹಾಕಿ ಅಳಿಸಿದ್ದು. ಮತ್ತೆ ಓಡಿಸಿದೆ, ಬೆಟ್ಟಮ್ಮ ಇಲ್ಲ. ಮಿಷನ್ನು ಆರಿಸಿ ಹೊತ್ತಿಸಿ ಓಡಿಸಿದೆ, ಬೆಟ್ಟಮ್ಮ ಇಲ್ಲ. ಅದೇ ಸಾಲು ಓದಿ ಓದಿ ನಾಲ್ಕು ಗಂಟೆಯ ಹೊತ್ತಿಗೆ ನಗು ಹೋಗಿ ಒಂಥರಾ ಆಗತೊಡಗಿತು. ಯಾರೋ ಬಾಗಿಲಲ್ಲಿ ನಿಂತು ಒಬ್ಬಳನ್ನು ಕೇಳುತ್ತಿದ್ದಾರೆ, ಒಳಗಿನವರು ಇಲ್ಲ ಇಲ್ಲ ಅನ್ನುತ್ತಿದ್ದಾರೆ ಅನ್ನಿಸಿತು. ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ಎರಡು ಸಲ ತಿರುಗಿ ನೋಡಿದೆ. ಫ್ಯಾನು ತಿರುಗುತ್ತಿತ್ತು, ಅಷ್ಟೇ.

ಕೊನೆಗೆ ಬೆಟ್ಟಮ್ಮನನ್ನು ಕರೆಯುವ ಆ ಸಾಲನ್ನೇ ಬಿಟ್ಟುಬಿಟ್ಟು ಓಡಿಸಿದೆ. ಪ್ರೋಗ್ರಾಂ ಚಕಚಕನೆ ಕೊನೆಯವರೆಗೆ ಹೋಯಿತು. ಅರವತ್ತು.

ಮೂರು ಸಲ ಓಡಿಸಿದೆ. ಮೂರು ಸಲವೂ ಅರವತ್ತೇ.

ಯತೀಶ್ ಮುಖ ಸಣ್ಣದಾಯಿತು. "ಒಂದೇ ಒಂದು ಕಡಿಮೆ. ಆದರೆ ಒಂದು ಸುಳ್ಳಾದರೆ ಎಲ್ಲಾ ಸುಳ್ಳು ಅಂತಾರೆ ಮೇಡಂ."

"ನಾಳೆ ಅವರ ಮನೆಗೆ ಹೋಗ್ತೀನಿ. ಎಲ್ಲಾದರೂ ಕಾಪಿ ಇಟ್ಟಿರ್ತಾರೆ" ಅಂದೆ. ಧೈರ್ಯ ನನಗೂ ಇರಲಿಲ್ಲ.

ಗುರುವಾರ ಮಳವಳ್ಳಿಗೆ ಹೋಗಿ ಅಲ್ಲಿಂದ ಪೂರಿಗಾಲಿಯ ಬಸ್ಸು ಹಿಡಿದೆ. ಸರ್ ಅವರ ಹೆಂಡತಿ ದೇವಿರಮ್ಮ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ತಿಥಿಯಲ್ಲಿ ನೋಡಿದ್ದೆ, ಅವತ್ತಿಗಿಂತ ಇಳಿದುಹೋಗಿದ್ದರು.

"ಬಾ ಕಣವ್ವ, ಒಳೀಕ್ ಬಾ. ಬಿಸ್ಲಲ್ ಬಂದಿದ್ದೀಯ" ಎಂದು ಮಜ್ಜಿಗೆ ತಂದುಕೊಟ್ಟು ಎದುರಿಗೆ ಕೂತರು.

ವಿಷಯ ಹೇಳಿದೆ. ಸರ್ ಅವರ ಲೆಕ್ಕ ಮತ್ತೆ ಮಾಡಬೇಕು, ಮಾಡದಿದ್ದರೆ ಅವರ ಹೆಸರು ಕೆಡುತ್ತದೆ, ಅವರು ಬರೆದ ಒಂದು ಸಣ್ಣ ಪ್ರೋಗ್ರಾಂ ಸಿಗುತ್ತಿಲ್ಲ. "ಅದಕ್ಕೆ ಬೆಟ್ಟಮ್ಮ ಅಂತ ಹೆಸರಿಟ್ಟವ್ರೆ ಅಮ್ಮ. ಮನೇಲಿ ಪೆನ್‌ಡ್ರೈವೋ ಏನಾದ್ರೂ ಬಿಟ್ಟಿದಾರಾ?"

ದೇವಿರಮ್ಮನ ಕೈ ಮಂಡಿಯ ಮೇಲೆ ಹಾಗೇ ನಿಂತಿತು.

"ನಮ್ಮತ್ತೆ ಎಸ್ರಲ್ವಾ ಅದು?"

ತಾಯಿಯ ಹೆಸರು ಇಟ್ಟುಕೊಂಡಿದ್ದಾರೆ, ಅಷ್ಟೇನಾ ಎಂದು ನನಗೆ ಸಮಾಧಾನವಾಯಿತು. ದೇವಿರಮ್ಮನಿಗೆ ಆಗಲಿಲ್ಲ. ಎದ್ದು ಹೋಗಿ ನಡುಮನೆಯ ಬಾಗಿಲು ಮುಂದಕ್ಕೆ ಎಳೆದು ಬಂದು ಕೂತರು.

"ಇದ್ನ ಯಾರ್ಗೂ ಏಳಿಲ್ಲ, ನಿಂಗೇಳ್ತೀನಿ. ಪ್ರತಿ ವರ್ಸ ಪಕ್ಸದ ಅಬ್ಬದಲ್ಲಿ ಎಡೆ ಮಡಗೋರು ಅವ್ರೇನೆ. ಮಾವಂಗೊಂದೆಲೆ, ಅತ್ತೆಗೊಂದೆಲೆ. ಆಮೇಲೆ ತುದೀಲಿ ಒಂದು ಸಣ್ಣೆಲೆ. ಯಾರ್ಗೆ ಅದು ಅಂದ್ರೆ, ನಾವ್ ಮರ್ತಿರೋರ್ಗೆ ಅನ್ನೋರು. ನಾನೂ ಸುಮ್ಕಾಗ್ತಿದ್ದೆ. ಈ ವರ್ಸ ಅವ್ರಿಗೇ ಎಡೆ ಮಡಗೋ ಅಂಗಾಯ್ತಲ್ಲ. ನಾನೇ ಮಡಗ್ದೆ. ಮೂರೆಲೆ. ಆ ಸಣ್ಣೆಲೆ ನೆಪ್ಪೇ ಆಗ್ಲಿಲ್ಲ ಕಣವ್ವ."

ಎಡೆ ಇಟ್ಟ ಮೇಲೆ ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುವುದು ನಮ್ಮ ಮನೆಯಲ್ಲೂ ಇದೆ. ನನಗೆ ಹೇಳಿಕೊಡಬೇಕಾಗಿರಲಿಲ್ಲ.

"ಬಾಗ್ಲು ತಗುದ್ ನೋಡ್ತೀನಿ, ಅತ್ತೆದು ಮಾವಂದು ಮಡಗಿದಂಗೇ ಅವೆ. ಅವ್ರೆಲೇಲಿ ಮಾತ್ರ ಅರ್ಧ ಮುದ್ದೆ ಇಲ್ಲ, ಅರ್ಧ ವಡೆ ಇಲ್ಲ. ಎಲೆ ಪಕ್ಕದಲ್ಲಿ ಬರೀ ನೆಲದ ಮ್ಯಾಲೆ ಪುಟ್ಟಕೆ ಗುಡ್ಡೆ ಮಾಡಿಟ್ಟಂಗದೆ."

"ಇಲಿ ಇರ್ಬೇಕು ಬುಡಿ ಅಮ್ಮ."

"ಇಲಿ ಮುದ್ದೆ ಮುರ್ದು ಪಾಲು ಮಾಡ್ತದೇನವ್ವ?"

ನಡುಮನೆಯ ಬಾಗಿಲ ಕಡೆ ನೋಡಲು ನನಗೆ ಮನಸ್ಸಾಗಲಿಲ್ಲ. ಮಜ್ಜಿಗೆ ಲೋಟ ಕೆಳಗಿಟ್ಟೆ.

ಅವರು ಒಳಗಿನಿಂದ ಸರ್ ಅವರ ಬ್ಯಾಗು ತಂದು ಕೊಟ್ಟರು. ಆಫೀಸಿಗೆ ದಿನಾ ತರುತ್ತಿದ್ದ ಅದೇ ಕಂದು ಬ್ಯಾಗು, ಜಿಪ್ಪು ಕೆಟ್ಟದ್ದು. ಅದರಲ್ಲಿ ಕನ್ನಡಕದ ಡಬ್ಬಿ, ಬಿಪಿ ಮಾತ್ರೆ, ಒಂದು ರೂಲ್ಡ್ ನೋಟ್‌ಬುಕ್ಕು. ಏನನ್ನೇ ಆದರೂ ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಟೈಪು ಮಾಡುವುದು ಅವರ ಅಭ್ಯಾಸ. ಕೊನೆಯ ಪುಟದಲ್ಲಿ ಅದಿತ್ತು. ಮೇಲೆ ದುಂಡಗೆ ಬೆಟ್ಟಮ್ಮ ಎಂದು ಬರೆದು ಕೆಳಗೆ ನಾಲ್ಕೇ ಸಾಲು. ಪೂರಿಗಾಲಿಯ ಮನೆ ನಂಬರು ನೂರ ಹದಿನಾಲ್ಕನ್ನು ಹುಡುಕು. ಎರಡನೇ ಬಸಿರು ಎಂದು ಒಂದು ದಾಖಲೆ ಸೇರಿಸು. ತೆಗೆಸಲಾಗಿದೆ ಎಂದು ತುಂಬು. ಕಾರಣದ ಜಾಗದಲ್ಲಿ ಹೆಣ್ಣು ಎಂದು ತುಂಬು.

ನೂರ ಹದಿನಾಲ್ಕು ನನಗೆ ಗೊತ್ತಿತ್ತು. ಪೂರಿಗಾಲಿಯ ಪಟ್ಟಿಯಲ್ಲಿ 'ಬಾಗಿಲಿಗೆ ಬೀಗ' ಎಂದು ಬರೆದು ಬಿಟ್ಟಿದ್ದ ಮನೆ. ಹೊರಬಾಗಿಲಿನ ಕಡೆ ತಿರುಗಿದೆ. ಚೌಕಟ್ಟಿನ ಮೇಲೆ ನಮ್ಮ ಸರ್ವೆಯವರು ನೀಲಿ ಬಣ್ಣದಲ್ಲಿ ಬರೆದ ನಂಬರು ಇನ್ನೂ ಅಳಿಸಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಫಾರಂ ಇಲ್ಲದೆ ಒಂದು ದಾಖಲೆ ಸೇರಿಸಿದ್ದಾರೆ! ಹನ್ನೊಂದು ವರ್ಷ ನನಗೆ ನೀತಿ ಹೇಳಿದ ಮನುಷ್ಯ! ಹೆಂಡತಿ ಎದುರಿಗೆ ಕೂತು ಕೇಳುವ ಎದೆ ಇಲ್ಲದೆ, ಸ್ವಂತ ಮನೆಗೆ ಬೀಗ ಎಂದು ಬರೆದು, ಆಮೇಲೆ ಕದ್ದು ಒಂದು ಪ್ಯಾಕೇಜಿನೊಳಗೆ ಬಚ್ಚಿಟ್ಟಿದ್ದಾರೆ. ಮೇಲಿನವರು ಹೇಳುವುದು ಸರಿಯೇ ಆಯಿತಲ್ಲ. ಸಿಟ್ಟು ಇಳಿಯುವ ಮುಂಚೆಯೇ ಅಳು ಬಂತು. ಯಾಕೆ ಅಂತ ನನಗೇ ಗೊತ್ತಾಗಲಿಲ್ಲ.

"ಏನ್ ಬರ್ದವ್ರೆ?" ದೇವಿರಮ್ಮ ಕೇಳಿದರು.

ಓದಿ ಹೇಳಿದೆ. ಹೇಳದೆ ಇರಬಹುದಿತ್ತು. ಆದರೆ ಆ ನಾಲ್ಕು ಸಾಲು ಅವರವು, ನನ್ನವಲ್ಲ.

ಹಿತ್ತಲಲ್ಲಿ ಹಸು ಒಂದೆರಡು ಸಲ ಕೂಗಿತು.

"ವೀಣ ಉಟ್ಟಿ ಮೂರ್ ವರ್ಸಕ್ಕೆ ನಿಂತಿತ್ತು" ಎಂದರು. ವೀಣ ಅವರ ಒಬ್ಬಳೇ ಮಗಳು, ಕಿರುಗಾವಲಿಗೆ ಕೊಟ್ಟಿದ್ದಾರೆ. "ಒಟ್ಟೇಲಿದ್ದಾಗ್ಲೇ ಇವ್ರು, ಎರಡ್ನೇದು ಎಣ್ಣಾದ್ರೆ ಅವ್ವನ ಎಸ್ರೇ ಇಕ್ಕದು, ನಮ್ಮನೇಲಿ ಅಂಗೇ ನಡ್ಕಂಡ್ ಬಂದದೆ ಅನ್ನೋರು. ಆ ಅವ್ವನೇ ನನ್ನ ಬಸ್ಸತ್ತಿಸ್ಕೊಂಡ್ ಕರ್ಕೊಂಡೋಗಿದ್ದು. ಇವ್ರು ಬೇಡ ಅನ್ಲಿಲ್ಲ. ಬಸ್ ಸ್ಟಾಪ್‌ಗಂಟ ಬಂದು ನಿಂತಿದ್ರು. ವಾಪಸ್ ಬಂದ್ಮೇಲೆ ಅದ್ರ ಮಾತೇ ಎತ್ಲಿಲ್ಲ. ಇಪ್ಪತ್ತೇಳ್ ವರ್ಸ, ಒಂದಿನ ಎತ್ಲಿಲ್ಲ ಕಣವ್ವ! ಮರ್ತೋದ್ರು ಅನ್ಕಂಡಿದ್ದೆ. ಎಷ್ಟ್ ಬೈಕಂಡಿದೀನಿ ಮನಸ್ನಲ್ಲಿ."

ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಈಗ ಇದ್ನ ಅಂಗೇ ಬರ್ಕೊಂಡೋದ್ರೆ ನಿನ್ ಲೆಕ್ಕ ಸರಿಯಾಗ್ತದಾ?"

ಆಗುತ್ತದೆ ಅನ್ನಬಹುದಿತ್ತು. ನಾಲ್ಕು ಸಾಲು ಟೈಪು ಮಾಡಿದರೆ ಬೆಟ್ಟಮ್ಮ ಸಿಗುತ್ತಾಳೆ, ಅರವತ್ತೊಂದು ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ.

"ಇಲ್ಲಮ್ಮ. ಇದನ್ನ ಅವ್ರು ಹೇಳೋ ಹಾಗಿಲ್ಲ. ಬಸಿರಾದೋರು ಹೇಳ್ಬೇಕು."

"ಫಾರಂ ತಂದಿದ್ದೀಯಾ?"

ಬ್ಯಾಗಿನಲ್ಲಿ ಖಾಲಿ ಫಾರಂ ಸದಾ ಇರುತ್ತದೆ. ತೆಗೆದೆ. ವೀಣನ ಗಂಡನ ಮನೆಯವರಿಗೆ ತಿಳಿದರೆ ಎಂದೆ. ಫಾರಮ್ಮಿನಲ್ಲಿರುವುದು ಹೊರಗೆ ಹೋಗುವುದಿಲ್ಲ ಎಂದೂ ಹೇಳಿದೆ. ಅವರು ಬರಿ ಎಂದು ಕೈಯಾಡಿಸಿದರು. ಒಂದೊಂದೇ ಪ್ರಶ್ನೆ ಕೇಳಿದೆ. ಎರಡನೇ ಬಸಿರು ಏನಾಯಿತು? ತೆಗೆಸ್ದೊ. ಎಷ್ಟು ತಿಂಗಳಿಗೆ? ನಾಕು ತುಂಬಿತ್ತು. ಯಾಕೆ? ಈ ಪ್ರಶ್ನೆಗೆ ಅವರು ಗೋಡೆಯ ಮೇಲಿದ್ದ ಸರ್ ಅವರ ಫೋಟೋ ನೋಡಿಕೊಂಡು, ಅವರಿಗೂ ಕೇಳಲಿ ಎನ್ನುವ ಹಾಗೆ ಜೋರಾಗಿ ಹೇಳಿದರು.

"ಎಣ್ಣು ಅಂತ."

ಸಹಿ ಮಾಡಿದ ಮೇಲೆ ಕೇಳಿದರು, "ಎಷ್ಟವ್ವ ಒಟ್ಟು?"

"ನಿಮ್ಮದು ಸೇರಿ ಅರವತ್ತೊಂದು."

"ನಮ್ಮೂರಲ್ಲಿ?"

ಹೇಳಬಾರದು. ಹೇಳಿದೆ. "ನಿಮ್ಮದು ಬಿಟ್ಟು ಎಂಟು. ಹೆಸರು ಕೇಳ್ಬೇಡಿ."

"ಎಂಟಾ!" ದೇವಿರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ದಿನಾ ಬೆಳಗಾನ ಡೇರಿ ತಾವ ಸಾಲಲ್ ನಿಂತ್ಕೊತೀವಲ್ಲವ್ವ. ಊರಿನ್ ಕತೆಯೆಲ್ಲ ಆಡ್ತೀವಿ, ಇದ್ನ ಒಬ್ರೂ ಆಡಿಲ್ಲ. ನಾನೊಬ್ಳೇ ಪಾಪಿ ಅನ್ಕಂಡಿದ್ದೆ. ಎಲ್ಲಾರ್ ಮನೆ ದ್ವಾಸೆನೂ ತೂತೇ ಅಂತ ಇದುಕ್ಕೂ ಅನ್ಬೇಕಾಯ್ತಲ್ಲ."

ಸಂಜೆ ಐದಕ್ಕೆ ಆಫೀಸು ತಲುಪಿದೆ. ಯತೀಶ್ ಹೊರಡುವುದರಲ್ಲಿದ್ದರು. ಅವರ ಕಣ್ಣೆದುರಿಗೇ ಫಾರಂ ನೋಡಿ ದೇವಿರಮ್ಮನ ದಾಖಲೆ ಸೇರಿಸಿದೆ. ಈಗ ಆ ನಾಲ್ಕು ಸಾಲಿನ ಪ್ಯಾಕೇಜು ಬೇಕಾಗಿಯೇ ಇರಲಿಲ್ಲ. ಪ್ರೋಗ್ರಾಂ ಓಡಿಸಿದೆ. ಅರವತ್ತೊಂದು. ಯತೀಶ್ "ಅಬ್ಬಾ!" ಎಂದು ಕುರ್ಚಿಗೆ ಒರಗಿದರು. ನಾನು ಪರದೆಯನ್ನು ಮತ್ತೊಮ್ಮೆ ಮೇಲಿನಿಂದ ನೋಡಿದೆ. ಓಡಿಸಿದ್ದು ಸರ್ ಅವರ ಮೂಲ ಫೈಲು, ಬೆಟ್ಟಮ್ಮನನ್ನು ಕರೆಯುವ ಸಾಲು ಇನ್ನೂ ಇದ್ದದ್ದು. ಅದನ್ನು ತೆಗೆಯಲು ಮರೆತಿದ್ದೆ. ಹಿಂದಿನ ದಿನವೆಲ್ಲ ಅಲ್ಲೇ ನಿಂತು ಇಲ್ಲ ಅನ್ನುತ್ತಿದ್ದ ಮಿಷನ್ನು ಆ ಸಾಲನ್ನು ದಾಟಿ ಹೋಗಿತ್ತು. ಕೆಂಪಕ್ಷರ ಒಂದೂ ಇರಲಿಲ್ಲ.

ಇನ್ನೊಮ್ಮೆ ಓಡಿಸಿದೆ. ಬೆಟ್ಟಮ್ಮ ಎಂಬ ಹೆಸರಿನ ಪ್ಯಾಕೇಜು ಇಲ್ಲ ಎಂದು ಅದೇ ಸಾಲಿನಲ್ಲಿ ನಿಂತಿತು. ಒಂದು ಸಲ ಆದದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಬೆಲೆ ಇಲ್ಲ. ನಾನು ಯತೀಶ್‌ಗೆ ಏನೂ ಹೇಳದೆ ಆ ಸಾಲು ತೆಗೆದೆ, ಮತ್ತೆ ಓಡಿಸಿ ಅರವತ್ತೊಂದು ತೋರಿಸಿದೆ. ಮದ್ದೂರಿನವರೆಗೆ ಬಸ್ಸಿನಲ್ಲಿ ಪಕ್ಕದ ಖಾಲಿ ಸೀಟಿನ ಮೇಲೆ ಬ್ಯಾಗು ಇಡಲು ಕೈ ಬರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಫೋನು ಬಂತು. ಹಿಂದೆ ಹೆಂಗಸರ ಗಲಾಟೆ, ಪಾತ್ರೆ ಸದ್ದು.

"ನಾಗಮಣಿ, ನಾನು ಕಣವ್ವ. ಡೇರಿ ತಾವ ಇವ್ನಿ. ಸಾಲಲ್ ನಿಂತ್ಕೊಂಡೇ ನಂದು ಏಳ್ಬುಟ್ಟೆ."

"ಅಯ್ಯೋ ಅಮ್ಮಾ!"

"ಕೇಳಿಲ್ಲಿ. ಪಕ್ಕದ್ಮನೆ ಚಿಕ್ಕಬೋರಮ್ಮ ಕ್ಯಾನು ಅಲ್ಲೇ ಮಡಗಿ ಕುಂತ್ಕೊಂಡ್ಳು. ಅವಳ್ದು, ಇನ್ನಿಬ್ರುದ್ದು, ನಿಮ್ಮೋರು ಬಂದಾಗ ತಾನಾಗೇ ಬಿದ್ದೋಯ್ತು ಅಂತ ಬರೆಸಿದ್ರಂತೆ. ಸುಳ್ಳಂತೆ. ಮೂರ್ ಜನಾನೂ ಇಲ್ಲೇ ಕುಂತವ್ರೆ. ಬಂದು ತಿದ್ಕೊಂಡೋಗು."

ನನಗೆ ಕೆಟ್ಟ ಸಿಟ್ಟು ಬಂತು. ಅರವತ್ತೊಂದು ನನ್ನ ಕೈಯಲ್ಲಿತ್ತು. ಸಂಜೆ ಕಳಿಸಿದರೆ ಸರ್ ಅವರ ಹೆಸರು ಉಳಿಯುತ್ತಿತ್ತು. ಇನ್ನು ಮೂರು ಸೇರಿದರೆ ಲೆಕ್ಕ ಮತ್ತೆ ತಪ್ಪುತ್ತದೆ. ಇಷ್ಟು ವರ್ಷ ಸುಮ್ಮನಿದ್ದವರಿಗೆ ಇವತ್ತೇ ಆಗಬೇಕಿತ್ತಾ?

"ಸೋಮವಾರ ಬಂದ್ರಾಗಲ್ವಾ?" ಅಂದೆ.

ಆ ಕಡೆ ದೇವಿರಮ್ಮ ಫೋನನ್ನು ಬೇರೆ ಯಾರಿಗೋ ಕೊಟ್ಟರು. ನನಗೆ ಗೊತ್ತಿಲ್ಲದ ದನಿ, ಬಹಳ ಸಣ್ಣದು. "ಸ್ವಾಮಾರದ್ ವತ್ಗೆ ನಂಗೆ ಧೈರ್ಯ ಇರಾಕಿಲ್ಲ ಕಣಕ್ಕ."

ಹೋದೆ.

ಸಂಜೆ ನಾಲ್ಕೂವರೆಗೆ ಯತೀಶ್ ಮೇಜಿನ ಮೇಲೆ ವರದಿ ಇಟ್ಟೆ. ಅವರು ತಲೆ ಹಿಡಿದುಕೊಂಡರು.

"ಮೇಡಂ, ಅರವತ್ತೊಂದು ಸಿಕ್ಕಿತ್ತಲ್ಲ! ಕಳಿಸಿದ್ದರೆ ಮುಗಿದುಹೋಗ್ತಿತ್ತು. ಈಗ ಏನಂತ ಬರೆಯೋದು?"

"ನಿಜ ಬರೆದಿದ್ದೀನಿ. ಓದಿ."

ಮೊದಲ ಸಾಲು ನಾನೇ ಕೈಬರಹದಲ್ಲಿ ಸೇರಿಸಿದ್ದೆ. ಸಿದ್ದರಾಜು ಅವರ ಲೆಕ್ಕ ತಪ್ಪು. ಸರಿಯಾದ ಸಂಖ್ಯೆ ಅರವತ್ತನಾಲ್ಕು. ಯತೀಶ್ ಅದನ್ನು ಓದಿದರು. ಕೆಳಗೆ ಲಗತ್ತಿಸಿದ್ದ ನಾಲ್ಕು ಫಾರಮ್ಮುಗಳನ್ನು ಒಂದೊಂದಾಗಿ ಓದಿದರು. ಕೊನೆಯದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪೆನ್ನು ತೆಗೆದು, ಅರವತ್ತನಾಲ್ಕರ ಹಿಂದೆ ಸಣ್ಣದಾಗಿ 'ಸದ್ಯಕ್ಕೆ' ಎಂದು ಸೇರಿಸಿ ಸಹಿ ಮಾಡಿದರು.